ಕಳ್ಳ ‘ದುಡ್ಡೋ, ಪ್ರಾಣವೋ’ ಅಂದಾಗ ಜನ ಅಷ್ಟೊಂದು ನಕ್ಕಿದ್ದೇಕೆ?

ಪ್ರಶ್ನೆ: ಈಚೆಗೆ ಹಳೆಯ ಅಮೆರಿಕನ್ ರೇಡಿಯೊ ಕಾರ್ಯಕ್ರಮಗಳನ್ನು ಕೇಳಲು ಶುರು ಮಾಡಿದ್ದೇನೆ. ಜ್ಯಾಕ್ ಬೆನ್ನಿ ಎಂಬ ಹಾಸ್ಯಗಾರನ ತುಂಬಾ ಹೆಸರಾದ ತುಣುಕೊಂದು ಸಿಕ್ಕಿತು. ಕಳ್ಳ ಅಡ್ಡಹಾಕಿ ‘ದುಡ್ಡು ಕೊಡ್ತೀಯೋ, ಪ್ರಾಣ ಕೊಡ್ತೀಯೋ’ ಅನ್ನುತ್ತಾನೆ. ಬೆನ್ನಿ ಸುಮ್ಮನಿರುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ನನಗೆ ಅಷ್ಟೇನೂ ನಗು ಬರಲಿಲ್ಲ. ತಪ್ಪು ನನ್ನದಾ? ಸುಮ್ಮನಿದ್ದೇ ರೇಡಿಯೊದಲ್ಲಿ ಹೆಸರು ಮಾಡಿದ ಮನುಷ್ಯ ಮುಂದೆ ಟಿವಿಯಲ್ಲೂ ಅಷ್ಟು ವರ್ಷ ಹೇಗೆ ನಿಂತ? ಕೇಳುವುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ತಪ್ಪು ನಿಮ್ಮದಲ್ಲ. ನೀವು ಕೇಳಿದ್ದು 1948ರ ಮಾರ್ಚ್ 28ರ ಕಂತಿನ ಒಂದು ಚೂರು. ಆ ಹೊತ್ತಿಗೆ ಕಾರ್ಯಕ್ರಮ ಶುರುವಾಗಿ ಹದಿನಾರು ವರ್ಷವಾಗುತ್ತಾ ಬಂದಿತ್ತು. ಅಂದು ನಕ್ಕವರು ವರ್ಷಗಟ್ಟಲೆ ಭಾನುವಾರ ಸಂಜೆ ಏಳಕ್ಕೆ ರೇಡಿಯೊ ಮುಂದೆ ಕೂತವರು. ನೀವು ಮೊನ್ನೆ ಬಂದವರು. ಅವರಿಗೆ ಗೊತ್ತಿದ್ದದ್ದು ನಿಮಗೆ ಗೊತ್ತಿಲ್ಲ, ಅಷ್ಟೇ.

ಅವರಿಗೆ ಗೊತ್ತಿದ್ದದ್ದೇನು? ಜ್ಯಾಕ್ ಎಂಬವನು ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ ಅನ್ನುವುದು.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಉತ್ತರದಲ್ಲಿ ನಿಜವಾದ ಮನುಷ್ಯನನ್ನು ‘ಅವರು’ ಅಂತಲೂ ಕಾರ್ಯಕ್ರಮದ ಪಾತ್ರವನ್ನು ‘ಅವನು’ ಅಂತಲೂ ಕರೆಯುತ್ತೇನೆ. ಇಂಗ್ಲಿಷಿನಲ್ಲಿ ಈ ಸೌಕರ್ಯ ಇಲ್ಲ. ಇಬ್ಬರ ಹೆಸರೂ ಜ್ಯಾಕ್ ಬೆನ್ನಿಯೇ. ಇಬ್ಬರ ದನಿಯೂ ಒಂದೇ. ಹಾಗಾಗಿ ಕೇಳುಗರು ಇಬ್ಬರನ್ನೂ ಬೆರೆಸಿಬಿಟ್ಟರು. ಇಡೀ ವೃತ್ತಿಜೀವನ ನಿಂತದ್ದೇ ಆ ಬೆರಕೆಯ ಮೇಲೆ.

ಅವರ ಹುಟ್ಟುಹೆಸರು ಬೆಂಜಮಿನ್ ಕುಬೆಲ್‌ಸ್ಕಿ. ಹುಟ್ಟಿದ್ದು 1894ರ ಫೆಬ್ರವರಿ 14ರಂದು, ಷಿಕಾಗೋದಲ್ಲಿ. ಬೆಳೆದದ್ದು ಅಲ್ಲಿಂದ ಉತ್ತರಕ್ಕೆ, ಮಿಷಿಗನ್ ಸರೋವರದ ದಡದ ವಾಕೀಗನ್ ಎಂಬ ಊರಲ್ಲಿ. ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬ. ಅಪ್ಪನಿಗೆ ಮೊದಲು ಹೆಂಡದಂಗಡಿ, ಆಮೇಲೆ ಬಟ್ಟೆ ವ್ಯಾಪಾರ. ಮಗ ದೊಡ್ಡ ಪಿಟೀಲು ವಿದ್ವಾಂಸನಾಗಬೇಕು ಅಂತ ಅಪ್ಪ ಅಮ್ಮನ ಆಸೆ. ಆರನೇ ವಯಸ್ಸಿಗೇ ಕೈಗೆ ಪಿಟೀಲು ಬಂತು. ಕೈ ಚೆನ್ನಾಗಿಯೇ ಓಡುತ್ತಿತ್ತು, ಸಾಧನೆ ಮಾಡಲು ಮಾತ್ರ ಸೋಮಾರಿತನ. ಹೈಸ್ಕೂಲಿನಿಂದ ಹೊರಗೆ ಹಾಕಿದರು. ಊರಿನ ನಾಟಕಶಾಲೆಯ ವಾದ್ಯಗೋಷ್ಠಿಯಲ್ಲಿ ವಾರಕ್ಕೆ ಏಳೂವರೆ ಡಾಲರಿನ ಕೆಲಸ ಹಿಡಿದರು.

ಅದು ವಾಡ್‌ವಿಲ್ ಕಾಲ. ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ದೊಂಬರಾಟ, ಜೋಕು ಎಲ್ಲವೂ ಸಿಗುವ ಮೇಳ. ಬೆನ್ನಿಯವರು ಒಬ್ಬ ಪಿಯಾನೊ ವಾದಕಿಯ ಜೊತೆ ಊರೂರು ತಿರುಗಲು ಹೊರಟರು. ಆಗ ಯಾನ್ ಕುಬೆಲಿಕ್ ಅಂತ ಒಬ್ಬ ಪ್ರಸಿದ್ಧ ಪಿಟೀಲು ವಾದಕ ಇದ್ದ. ‘ಕುಬೆಲ್‌ಸ್ಕಿ’ ನನ್ನ ಹೆಸರಿನ ಹಾಗೇ ಕೇಳುತ್ತದೆ ಅಂತ ಅವನ ಕಡೆಯಿಂದ ತಕರಾರು ಬಂತು. ಸರಿ, ಬೆನ್ ಬೆನ್ನಿ ಅಂತ ಬದಲಾಯಿಸಿದರು. ಆಮೇಲೆ ಬೆನ್ ಬರ್ನಿ ಎಂಬ ಇನ್ನೊಬ್ಬ ಕಲಾವಿದನ ತಕರಾರು. ಅವನೂ ಪಿಟೀಲು ಹಿಡಿದು ಮಾತಾಡುವವನೇ. ಕೊನೆಗೆ ಜ್ಯಾಕ್ ಬೆನ್ನಿ ಅಂತ ನಿಂತಿತು.

ಮೊದಲ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಸೇರಿದ್ದರು. ನಾವಿಕರ ಮುಂದೆ ಪಿಟೀಲು ನುಡಿಸಿದರೆ ಕೂಗಾಟ. ಪಿಟೀಲು ಕೆಳಗಿಟ್ಟು ಎರಡು ಮಾತಾಡಿದರೆ ನಗು. ಅಲ್ಲಿಂದ ಪಿಟೀಲು ಕೈಯಲ್ಲೇ ಉಳಿಯಿತು, ನುಡಿಸುವುದು ಕಡಿಮೆಯಾಯಿತು.

ರೇಡಿಯೊಗೆ ಬಂದದ್ದು 1932ರ ಮಾರ್ಚಿನಲ್ಲಿ, ಎಡ್ ಸಲಿವನ್ನರ ಕಾರ್ಯಕ್ರಮಕ್ಕೆ ಅತಿಥಿಯಾಗಿ. ‘ನಾನು ಜ್ಯಾಕ್ ಬೆನ್ನಿ. ಈಗ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ, ಯಾರಾದ್ರೆ ನಮಗೇನು ಅಂತ ನೀವೆಲ್ಲ ಹೇಳಿಕೊಳ್ಳಿ’ ಅನ್ನುವ ಅರ್ಥದಲ್ಲಿ ಮಾತು ಶುರು ಮಾಡಿದರು. ನೋಡಿ, ಮೊದಲ ದಿನವೇ ಸುಮ್ಮನಿರುವ ಮಾತು! ಅದೇ ವರ್ಷದ ಮೇ 2ಕ್ಕೆ ಎನ್‌ಬಿಸಿ ಎಂಬ ಪ್ರಸಾರ ಸಂಸ್ಥೆಯಲ್ಲಿ ಸ್ವಂತ ಕಾರ್ಯಕ್ರಮ ಬಂತು. ದುಡ್ಡು ಹಾಕಿದ್ದು ಕೆನಡಾ ಡ್ರೈ ಎಂಬ ತಂಪುಪಾನೀಯದವರು.

ಆಗ ಒಂದೊಂದು ಕಾರ್ಯಕ್ರಮಕ್ಕೂ ಒಬ್ಬ ಸ್ಪಾನ್ಸರ್. ಬೆನ್ನಿಯವರಿಗೆ ಕಾರಿನವರು, ಟೈರಿನವರು ಬಂದು ಹೋದರು. 1934ರಲ್ಲಿ ಜೆಲ್‌-ಓ ಎಂಬ ಸಿಹಿತಿಂಡಿಯ ಕಂಪನಿ ಬಂತು, 1942ರ ತನಕ ಇತ್ತು. 1944ರಿಂದ ಲಕ್ಕಿ ಸ್ಟ್ರೈಕ್ ಸಿಗರೇಟು. ಬೇರೆಯವರು ಜಾಹೀರಾತನ್ನು ಶಾಸ್ತ್ರಕ್ಕೆ ಓದಿ ಮುಗಿಸುತ್ತಿದ್ದರೆ ಇವರು ಅದನ್ನೂ ತಮಾಷೆಯೊಳಗೆ ಎಳೆದುಕೊಂಡರು. ‘ಹಲೋ ಅಗೇನ್’ ಅನ್ನುವ ಬದಲು ‘ಜೆಲ್‌-ಓ ಅಗೇನ್’ ಅಂತಲೇ ಕೇಳುಗರಿಗೆ ನಮಸ್ಕಾರ ಹೇಳುತ್ತಿದ್ದರು. ಸ್ಪಾನ್ಸರ್‌ಗೆ ಇದಕ್ಕಿಂತ ಇನ್ನೇನು ಬೇಕು?

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ.

ಆ ಕಾಲದ ಹಾಸ್ಯ ಅಂದರೆ ಜೋಕುಗಳ ಮಳೆ. ಒಬ್ಬ ಕೇಳುವುದು, ಇನ್ನೊಬ್ಬ ಚಟಾಕಿ ಹಾರಿಸುವುದು, ನಗು ಮುಗಿಯುವ ಮೊದಲೇ ಇನ್ನೊಂದು. ಮುಖ್ಯ ಹಾಸ್ಯಗಾರನೇ ಎಲ್ಲ ನಗುವನ್ನೂ ಬಾಚಿಕೊಳ್ಳಬೇಕು. ಬೆನ್ನಿಯವರು, ಅವರ ಮೊದಲ ಬರಹಗಾರ ಹ್ಯಾರಿ ಕಾನ್ ಸೇರಿ ಇದನ್ನು ತಲೆಕೆಳಗು ಮಾಡಿದರು. ಜೋಕು ಹೇಳುವವರು ಸುತ್ತ ಇರುವವರು. ಜೋಕಿಗೆ ಗುರಿಯಾಗುವವನು ಜ್ಯಾಕ್. ಅವನು ಜಿಪುಣ, ಜಂಬದವನು. ತನ್ನ ನೀಲಿ ಕಣ್ಣಿನ ಮೇಲೆ ತನಗೇ ಮೋಹ. ವಯಸ್ಸು ಕೇಳಿದರೆ ವರ್ಷವರ್ಷವೂ 39. ಪಿಟೀಲು ಎತ್ತಿದರೆ ಮನೆಯವರೆಲ್ಲ ಓಡಬೇಕು.

ಸುತ್ತ ಇದ್ದವರನ್ನೂ ನೋಡಿ. ಹೆಂಡತಿ ಮೇರಿ ಲಿವಿಂಗ್‌ಸ್ಟನ್ ಕಾರ್ಯಕ್ರಮದಲ್ಲಿ ಹೆಂಡತಿಯಲ್ಲ, ಜ್ಯಾಕ್‌ನ ಕಾಲೆಳೆಯುವ ಗೆಳತಿ. ಡಾನ್ ವಿಲ್ಸನ್ ದಢೂತಿ ಅನೌನ್ಸರ್. ಫಿಲ್ ಹ್ಯಾರಿಸ್ ಕುಡಿತದ ಬಗ್ಗೆ ಹೆಮ್ಮೆಪಡುವ ಬ್ಯಾಂಡ್ ನಾಯಕ. ಡೆನಿಸ್ ಡೇ ಮುಗ್ಧ ಗಾಯಕ. ಅವನ ಕೈಯಲ್ಲಿ ಹಾಡಿಸುವುದಲ್ಲದೆ ತನ್ನ ಮನೆಯ ಹುಲ್ಲು ಬೇರೆ ಕೊಯ್ಯಿಸುತ್ತಿದ್ದ ಜ್ಯಾಕ್. ಇನ್ನು ಮೆಲ್ ಬ್ಲಾಂಕ್. ಬಗ್ಸ್ ಬನ್ನಿಗೆ ದನಿ ಕೊಟ್ಟವರು ಅಂದರೆ ನಿಮ್ಮ ಮಕ್ಕಳಿಗೂ ಗೊತ್ತಾಗಬಹುದು. ಇಲ್ಲಿ ಅವರು ಗಿಳಿ, ಪಿಟೀಲು ಮೇಷ್ಟ್ರು, ರೈಲ್ವೆ ಅನೌನ್ಸರ್, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕಾರು.

ಹೌದು, ಕಾರು. ಮ್ಯಾಕ್ಸ್‌ವೆಲ್ ಎಂಬ ಕಾರು ತಯಾರಿಕೆ 1925ರಲ್ಲೇ ನಿಂತಿತ್ತು. ಜಿಪುಣ ಜ್ಯಾಕ್ ಅದನ್ನೇ ಓಡಿಸುತ್ತಿದ್ದ. ಅದು ಕೆಮ್ಮುವುದು, ಸೀನುವುದು, ಕಕ್ಕುವುದು, ಪ್ರಾಣ ಬಿಡುವುದು, ಮತ್ತೆ ಎದ್ದು ಕೂರುವುದು ಎಲ್ಲವೂ ಬ್ಲಾಂಕ್‌ರ ಗಂಟಲಿನಿಂದ. ಕಾರಿನ ಸದ್ದಿನ ರೆಕಾರ್ಡು ಒಂದು ದಿನ ಕೈಕೊಟ್ಟಿತು, ನಾನೇ ಮೈಕಿಗೆ ಬಾಯಿ ಕೊಟ್ಟೆ ಅಂತ ಅವರು ಕಥೆ ಹೇಳುತ್ತಿದ್ದರು. ಆ ಸದ್ದು ಒಮ್ಮೆ ಕೇಳಿ. ಅದು ಕಾರಿನ ಸದ್ದಲ್ಲ, ದಮ್ಮಿನ ಮುದುಕನ ಸದ್ದು. ಆದರೂ ಕಣ್ಣಮುಂದೆ ಕಾರೇ ಬರುತ್ತದೆ.

ನೆಲಮಾಳಿಗೆಯ ತಿಜೋರಿಯೂ ಹಾಗೆಯೇ. ದುಡ್ಡು ತೆಗೆಯಲು ಜ್ಯಾಕ್ ಕೆಳಗಿಳಿಯುತ್ತಾನೆ. ಹೆಜ್ಜೆ ಸದ್ದು, ಇನ್ನೂ ಹೆಜ್ಜೆ ಸದ್ದು, ಸರಪಳಿ, ಕಿರುಗುಟ್ಟುವ ಬಾಗಿಲು, ಇನ್ನೊಂದು ಬಾಗಿಲು. ಕೊನೆಗೆ ತಿಜೋರಿ ಮುಟ್ಟಿದ ತಕ್ಷಣ ಸೈರನ್, ಗಂಟೆ, ಶೀಟಿ, ಎಲ್ಲ ಮುಗಿದ ಮೇಲೆ ಹಡಗಿನ ಭೋಂಕಾರ. ಅಲ್ಲಿ ಕಾವಲಿಗೆ ಕೂತವನು ಯಾವ ಕಾಲದಿಂದಲೋ ಮೇಲೆ ಬಂದಿಲ್ಲ. ಮೇಲಿನ ಲೋಕದ ಸುದ್ದಿ ಕೇಳುತ್ತಾನೆ, ಅವನ ಸುದ್ದಿ ನೂರು ವರ್ಷ ಹಳತು. ಈ ನೆಲಮಾಳಿಗೆ ಎಷ್ಟು ಆಳ ಅನ್ನುವುದನ್ನು ಒಬ್ಬೊಬ್ಬ ಕೇಳುಗನೂ ತನ್ನ ತಲೆಯಲ್ಲೇ ತೋಡಿಕೊಳ್ಳಬೇಕು. ಟಿವಿಯಲ್ಲಿ ಇದನ್ನೇ ಕಟ್ಟಿ ತೋರಿಸಿದಾಗ ನನಗಂತೂ ಸಪ್ಪೆ ಅನ್ನಿಸಿತು. ರಟ್ಟಿನ ಗೋಡೆ ಕಂಡಮೇಲೆ ಆಳ ಎಲ್ಲಿಯದು?

ಹೀಗೆ ವಾರವಾರವೂ ಚಿಲ್ಲರೆ ಚಿಲ್ಲರೆಯಾಗಿ ಕೂಡಿಟ್ಟದ್ದನ್ನು 1948ರ ಆ ಭಾನುವಾರ ಒಂದೇ ಸಲ ಖರ್ಚು ಮಾಡಿದರು. ಸಂದರ್ಭ ಏನು ಗೊತ್ತಾ? ಪಕ್ಕದ ಮನೆಯವನು ಅಂತ ಕಾರ್ಯಕ್ರಮದಲ್ಲಿ ಬರುತ್ತಿದ್ದವರು ನಿಜವಾದ ಚಿತ್ರನಟ ರೊನಾಲ್ಡ್ ಕೋಲ್ಮನ್. ಎಂಟು ದಿನದ ಹಿಂದಷ್ಟೇ ಅವರಿಗೆ ನಿಜವಾಗಿಯೂ ಆಸ್ಕರ್ ಸಿಕ್ಕಿತ್ತು. ಜ್ಯಾಕ್ ಆ ಆಸ್ಕರನ್ನು ಕೇಳಿ ಇಸಕೊಂಡು ಮನೆಗೆ ನಡೆದು ಬರುತ್ತಿದ್ದಾನೆ. ಕತ್ತಲಲ್ಲಿ ಕಳ್ಳ. ‘ದುಡ್ಡೋ ಪ್ರಾಣವೋ?’

ಸದ್ದಿಲ್ಲ.

ಇಲ್ಲೇ ನಗು ಶುರುವಾಗುತ್ತದೆ. ಗಮನಿಸಿ, ಇನ್ನೂ ಯಾರೂ ಜೋಕು ಹೇಳಿಯೇ ಇಲ್ಲ. ಆ ಮೌನದಲ್ಲಿ ಜ್ಯಾಕ್‌ನ ತಲೆಯಲ್ಲಿ ನಡೆಯುತ್ತಿರುವ ಲೆಕ್ಕಾಚಾರ ಪ್ರತಿಯೊಬ್ಬನಿಗೂ ಕೇಳಿಸುತ್ತಿದೆ. ಕಳ್ಳ ರೇಗುತ್ತಾನೆ: ‘ಏಯ್, ದುಡ್ಡೋ ಪ್ರಾಣವೋ ಅಂದೆ!’ ಆಗ ಜ್ಯಾಕ್, ‘ಯೋಚನೆ ಮಾಡ್ತಾ ಇದೀನಿ ಕಣಯ್ಯಾ!’ ಬರಹಗಾರರಲ್ಲಿ ಒಬ್ಬರಾದ ಮಿಲ್ಟ್ ಜೋಸೆಫ್ಸ್‌ಬರ್ಗ್ ನೆನಪಿಸಿಕೊಂಡ ಪ್ರಕಾರ ಆ ಉತ್ತರ ಹುಟ್ಟಿದ್ದೂ ಹಾಗೆಯೇ. ಮುಂದಿನ ಮಾತು ಹೊಳೆಯದೆ ಕೂತಿದ್ದಾಗ ಅವರು ಜೊತೆಗಾರ ಜಾನ್ ಟ್ಯಾಕಬೆರಿಯನ್ನು ‘ಏನಾದ್ರೂ ಹೇಳಯ್ಯಾ’ ಅಂತ ಗದರಿದರಂತೆ. ‘ಯೋಚನೆ ಮಾಡ್ತಾ ಇದೀನಿ’ ಅಂದರಂತೆ ಟ್ಯಾಕಬೆರಿ.

ಅಂದಹಾಗೆ, ಇದೇ ಅವರ ಅತಿ ಉದ್ದದ ನಗು ಅಂತ ಎಲ್ಲರೂ ಬರೆಯುತ್ತಾರೆ. ಅಲ್ಲ. ಇದಕ್ಕಿಂತ ಉದ್ದದ ನಗುಗಳ ಧ್ವನಿಮುದ್ರಣ ಇದೆ. ಅದರಲ್ಲಿ ನನಗೆ ಇಷ್ಟವಾದದ್ದು 1950ರ ಜನವರಿ 8ರದ್ದು. ಡಾನ್ ವಿಲ್ಸನ್ ಪತ್ರಕರ್ತ ಡ್ರೂ ಪಿಯರ್ಸನ್ ಹೆಸರು ಹೇಳಲು ಹೋಗಿ ನಾಲಿಗೆ ತಡವರಿಸಿ ‘ಡ್ರೀರ್ ಪೂಸನ್’ ಅಂದುಬಿಟ್ಟರು. ನೇರ ಪ್ರಸಾರ, ತಿದ್ದುವಂತಿಲ್ಲ. ಕಾರ್ಯಕ್ರಮದ ಕೊನೆಯ ಭಾಗದಲ್ಲಿ ನಟ ಫ್ರ್ಯಾಂಕ್ ನೆಲ್ಸನ್ ಬಾಗಿಲು ಕಾಯುವವನ ಪಾತ್ರದಲ್ಲಿ ಬರಬೇಕಿತ್ತು. ‘ನೀನು ಇಲ್ಲಿನ ಬಾಗಿಲು ಕಾಯುವವನಾ?’ ಅಂತ ಜ್ಯಾಕ್ ಕೇಳಿದ. ನೆಲ್ಸನ್, ಬೆನ್ನಿಯವರಿಗೂ ಗೊತ್ತಿಲ್ಲದಂತೆ ಅಷ್ಟರಲ್ಲಿ ಬದಲಾಯಿಸಿಟ್ಟಿದ್ದ ಉತ್ತರ ಕೊಟ್ಟರು: ‘ಮತ್ತೆ ಯಾರಂದ್ಕೊಂಡೆ, ಡ್ರೀರ್ ಪೂಸನ್ನಾ?’ ಬೆನ್ನಿಯವರಿಗೆ ನಗು ತಡೆಯಲಾಗದೆ ಕಾರ್ಯಕ್ರಮವೇ ಅಲ್ಲಾಡಿತು. ಕೂಡಿಡುವುದಕ್ಕೆ ವರ್ಷಗಳೇ ಬೇಕಿಲ್ಲ, ಇಪ್ಪತ್ತು ನಿಮಿಷ ಸಾಕು.

ಮೇರಿ ಕೂಡ ಹೀಗೊಮ್ಮೆ ‘ಸ್ವಿಸ್ ಚೀಸ್’ ಸ್ಯಾಂಡ್‌ವಿಚ್ ಅನ್ನಲು ಹೋಗಿ ‘ಚಿಸ್ ಸ್ವೀಜ್’ ಅಂದಿದ್ದರು. ಆ ತಪ್ಪನ್ನು ಬೆನ್ನಿಯವರು ಮುಚ್ಚಿಹಾಕಲಿಲ್ಲ, ವಾರಗಟ್ಟಲೆ ಬಳಸಿದರು. ಬರೀ ಜಿಪುಣತನವಲ್ಲ ಇದು, ವ್ಯವಹಾರಜ್ಞಾನ!

ಫ್ರೆಡ್ ಆ್ಯಲನ್ ಜೊತೆಗಿನ ಜಗಳವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 1936ರ ಡಿಸೆಂಬರ್ 30ರಂದು ಆ್ಯಲನ್ ಎಂಬ ಇನ್ನೊಬ್ಬ ದೊಡ್ಡ ಹಾಸ್ಯಗಾರನ ಕಾರ್ಯಕ್ರಮದಲ್ಲಿ ಹತ್ತು ವರ್ಷದ ಹುಡುಗ ಸ್ಟುವರ್ಟ್ ಕ್ಯಾನಿನ್ ‘ದಿ ಬೀ’ ಎಂಬ ಕಷ್ಟದ ಕೃತಿಯನ್ನು ಪಿಟೀಲಿನಲ್ಲಿ ನುಡಿಸಿದ. ಇದನ್ನು ಕೇಳಿ ಬೆನ್ನಿ ನಾಚಿಕೊಳ್ಳಬೇಕು ಅಂದರು ಆ್ಯಲನ್. ಬೆನ್ನಿಯವರು ಮುಂದಿನ ಭಾನುವಾರಗಳಲ್ಲಿ ಉತ್ತರ ಕೊಟ್ಟರು. ಬೆನ್ನಿಯವರದು ಭಾನುವಾರ, ಆ್ಯಲನ್ ಅವರದು ಬುಧವಾರ. ಕೇಳುಗರಿಗೆ ಎರಡೂ ಕೇಳದೆ ವಿಧಿಯಿಲ್ಲ. ಮಾರ್ಚಿನಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಇಬ್ಬರೂ ‘ಹೊಡೆದಾಡುವ’ ಕಾರ್ಯಕ್ರಮ ನಡೆಯಿತು. ಹೊಡೆದಾಟ ಆಗಲಿಲ್ಲ ಅನ್ನಿ. ನಿಜದಲ್ಲಿ ಇಬ್ಬರೂ ಸ್ನೇಹಿತರು. ಜಗಳ ಮಾತ್ರ ವರ್ಷಗಟ್ಟಲೆ ಮುಂದುವರಿಯಿತು. ಆ ಹುಡುಗ ಏನಾದ? 1945ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಟ್ರೂಮನ್, ಚರ್ಚಿಲ್, ಸ್ಟಾಲಿನ್ ಮುಂದೆ ಸೈನಿಕನ ದಿರಿಸಿನಲ್ಲಿ ಪಿಟೀಲು ನುಡಿಸಿದ.

1945ರ ಕೊನೆಯಲ್ಲಿ ‘ನನಗೆ ಜ್ಯಾಕ್ ಬೆನ್ನಿಯನ್ನು ಕಂಡರಾಗದು, ಯಾಕೆಂದರೆ…’ ಎಂಬ ಸ್ಪರ್ಧೆ ಇಟ್ಟರು. ಬಂದ ಪತ್ರಗಳು ಎರಡೂವರೆ ಲಕ್ಷಕ್ಕೂ ಜಾಸ್ತಿ. ತನ್ನನ್ನು ಬೈಯಲು ಬಹುಮಾನ ಕೊಟ್ಟ ಕಲಾವಿದ ಇನ್ನೊಬ್ಬ ಇದ್ದಾನಾ?

ಇನ್ನೊಂದು ಸಂಗತಿಯನ್ನು ಸುಮ್ನೆ ದಾಟಿಹೋಗುವಂತಿಲ್ಲ. ಎಡ್ಡಿ ಆ್ಯಂಡರ್‌ಸನ್ ಎಂಬ ಕಪ್ಪು ಕಲಾವಿದ 1937ರ ಈಸ್ಟರ್ ಭಾನುವಾರ ರೈಲಿನ ಪೋರ್ಟರ್ ಪಾತ್ರದಲ್ಲಿ ಒಂದು ಸಲಕ್ಕೆ ಅಂತ ಬಂದರು. ಜನ ಎಷ್ಟು ಮೆಚ್ಚಿದರು ಅಂದರೆ ಜ್ಯಾಕ್‌ನ ಮನೆಯಾಳು ರೊಚೆಸ್ಟರ್ ಆಗಿ ಕೊನೆಯ ತನಕ ಉಳಿದರು. ರೊಚೆಸ್ಟರ್ ಧಣಿಗಿಂತ ಜಾಣ, ಧಣಿಗೆ ಎದುರಾಡುವವನು. ಆದರೆ ಮೊದಲ ವರ್ಷಗಳ ಸ್ಕ್ರಿಪ್ಟುಗಳಲ್ಲಿ ಜೂಜು, ಕುಡಿತ, ಸೋಮಾರಿತನ ಅಂತ ಕಪ್ಪು ಜನರ ಮೇಲಿನ ಸವಕಲು ಹಾಸ್ಯ ಧಾರಾಳವಾಗಿದೆ. ಇವತ್ತು ಕೇಳಿದರೆ ಮುಜುಗರ. ಎರಡನೇ ಮಹಾಯುದ್ಧದಲ್ಲಿ ಯಹೂದಿಗಳಿಗೆ ಏನಾಯಿತು ಅಂತ ತಿಳಿದ ಮೇಲೆ ಬೆನ್ನಿಯವರು ಅಂಥ ಜೋಕು ಬೇಡ ಅಂತ ಬರಹಗಾರರಿಗೆ ಹೇಳಿದರು. ಆಮೇಲೂ 1950ರಲ್ಲಿ ಹಳೆಯ ಸ್ಕ್ರಿಪ್ಟೊಂದನ್ನು ಮತ್ತೆ ಬಳಸಿ ಕೇಳುಗರಿಂದ ಬೈಸಿಕೊಂಡರು. ಕೇಳುವಾಗ ಇದು ನಿಮಗೆ ಎದುರಾಗುತ್ತದೆ, ಮೊದಲೇ ತಿಳಿದಿರಲಿ.

ಟಿವಿಗೆ ಹೋಗುವ ದಾರಿಯಲ್ಲಿ ದುಡ್ಡಿನ ಕಥೆಯೊಂದಿದೆ. 1949ರ ಜನವರಿ 2ರಂದು ಬೆನ್ನಿಯವರು ಎನ್‌ಬಿಸಿ ಬಿಟ್ಟು ಅದರ ಎದುರಾಳಿ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಬಂದರು. ಆಗ ದೊಡ್ಡ ಸಂಬಳದ ಮೇಲಿನ ಹಂತಕ್ಕೆ ಮುಕ್ಕಾಲು ಪಾಲಿಗಿಂತ ಹೆಚ್ಚು ತೆರಿಗೆ. ಆದರೆ ಕಂಪನಿ ಮಾರಿ ಬಂದ ಲಾಭಕ್ಕೆ ಬರೀ 25 ಶೇಕಡ. ಸಿಬಿಎಸ್‌ನ ಯಜಮಾನ ವಿಲಿಯಂ ಪೇಲಿ ಬೆನ್ನಿಯವರ ಕಂಪನಿಯನ್ನೇ ಇಪ್ಪತ್ತೆರಡೂವರೆ ಲಕ್ಷ ಡಾಲರಿನಷ್ಟು ಕೊಟ್ಟು ಕೊಂಡರು. ಸ್ಪಾನ್ಸರ್‌ಗೆ ಕೇಳುಗರು ಕಡಿಮೆಯಾಗುವ ಭಯ. ಕಡಿಮೆಯಾದರೆ ನಷ್ಟ ನಾನು ತುಂಬಿಕೊಡುತ್ತೇನೆ ಅಂದರು ಪೇಲಿ. ತುಂಬಿಕೊಡುವ ಪ್ರಮೇಯ ಬರಲಿಲ್ಲ. ಬೆನ್ನಿಯವರ ಹಿಂದೆ ಇನ್ನೂ ಹಲವು ತಾರೆಯರು ಸಾಲು ಕಟ್ಟಿ ಬಂದರು. ಪೇಲಿಗೆ ಬೇಕಿದ್ದದ್ದೂ ಅದೇ, ಟಿವಿ ಕಾಲ ಬರುವ ಹೊತ್ತಿಗೆ ಜನರನ್ನು ಕೂಡಿಹಾಕಿಕೊಳ್ಳುವುದು.

ಟಿವಿಯಲ್ಲಿ ಮೊದಲ ಕಾರ್ಯಕ್ರಮ 1950ರ ಅಕ್ಟೋಬರ್ 28ಕ್ಕೆ. ಇಲ್ಲಿ ಅವರ ಜಾಣತನ ನೋಡಿ. ಬೇರೆಯವರು ವಾರವಾರವೂ ಧುಮುಕಿ ಒಂದೆರಡು ವರ್ಷದಲ್ಲೇ ಬಳಲಿದರು. ಇವರು ಮೊದಲ ವರ್ಷ ಮಾಡಿದ್ದೇ ನಾಲ್ಕು. ಆಮೇಲೆ ತಿಂಗಳಿಗೊಂದು, ಹದಿನೈದು ದಿನಕ್ಕೊಂದು. ವಾರವಾರ ಬಂದದ್ದು 1960ರಿಂದ. ರೇಡಿಯೊವನ್ನು 1955ರ ತನಕ ಕೈಬಿಡಲಿಲ್ಲ.

‘ಸುಮ್ಮನಿದ್ದವನು ಟಿವಿಯಲ್ಲಿ ಹೇಗೆ ನಿಂತ’ ಅಂತ ಕೇಳಿದಿರಲ್ಲ. ನಿಜ ಹೇಳಬೇಕಂದ್ರೆ ಟಿವಿ ಅವರಿಗೆ ಹೊಸದಲ್ಲ. ರೇಡಿಯೊಗೆ ಬರುವ ಮೊದಲು ಇಪ್ಪತ್ತು ವರ್ಷ ಜನರ ಮುಂದೆ ನಿಂತ ಮೈ ಅದು. ರೇಡಿಯೊದಲ್ಲಿ ಕಾಣದೆ ಇದ್ದ ಮೌನಕ್ಕೆ ಟಿವಿಯಲ್ಲಿ ಮುಖ ಬಂತು. ಯಾರೋ ಅವಮಾನ ಮಾಡುತ್ತಾರೆ. ಜ್ಯಾಕ್ ಕೈ ಕಟ್ಟುತ್ತಾನೆ, ಒಂದು ಅಂಗೈ ಕೆನ್ನೆಗೆ ಬರುತ್ತದೆ, ಕತ್ತು ನಿಧಾನಕ್ಕೆ ಪ್ರೇಕ್ಷಕರ ಕಡೆ ತಿರುಗುತ್ತದೆ. ‘ನೋಡಿದ್ರಾ ಇವರ ಮಾತನ್ನ?’ ಅನ್ನುವ ಹಾಗೆ. ಅಷ್ಟೇ. ಮುಂದೆ ಬಹಳ ಹೆಸರು ಮಾಡಿದ ಟಿವಿ ನಿರೂಪಕ ಜಾನಿ ಕಾರ್ಸನ್ ಈ ನೋಟವನ್ನು ಇವರಿಂದಲೇ ಕಲಿತವರು. 1949ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ರೇಡಿಯೊ ಹಾಸ್ಯದ ಮೇಲೆ ಪ್ರಬಂಧ ಮಾಡಿದಾಗ ಕಾರ್ಸನ್ ಬೆನ್ನಿಯವರ ತುಣುಕುಗಳನ್ನೂ ಬಳಸಿಕೊಂಡಿದ್ದರು.

1964ರಲ್ಲಿ ಸಿಬಿಎಸ್ ಕೈಬಿಟ್ಟಿತು. ಹಳೆಯ ಮನೆ ಎನ್‌ಬಿಸಿಗೆ ಒಂದು ವರ್ಷ ಹೋದರು. ಎದುರಿಗೆ ‘ಗೋಮರ್ ಪೈಲ್’ ಎಂಬ ಹೊಸ ಧಾರಾವಾಹಿ. ಜನ ಅತ್ತ ಹೋದರು. 1965ಕ್ಕೆ ವಾರದ ಕಾರ್ಯಕ್ರಮ ಮುಗಿಯಿತು. ಆಮೇಲೆ ಕೊನೆಯ ತನಕ ಆಗಾಗ ವಿಶೇಷ ಕಾರ್ಯಕ್ರಮ ಕೊಡುತ್ತಿದ್ದರು.

ನಿಜದ ಬೆನ್ನಿಯವರು ಜಿಪುಣರಾಗಿರಲಿಲ್ಲ. 1956ರಿಂದ ಊರೂರಿನ ಆರ್ಕೆಸ್ಟ್ರಾಗಳ ಜೊತೆ ಪಿಟೀಲು ಹಿಡಿದು ನಿಂತು, ಬೇಕಂತಲೇ ತಪ್ಪು ನುಡಿಸಿ, ಅದರಿಂದ ಬಂದ ಲಕ್ಷಾಂತರ ಡಾಲರನ್ನು ಸಂಗೀತಗಾರರ ನಿಧಿಗಳಿಗೆ ಕೊಟ್ಟರು. ಅವರ ಬಲು ಬೆಲೆಬಾಳುವ ಸ್ಟ್ರಾಡಿವೇರಿಯಸ್ ಪಿಟೀಲು ಕೊನೆಗೆ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ಎಂಬ ಆರ್ಕೆಸ್ಟ್ರಾಗೆ ಹೋಯಿತು. ಹೈಸ್ಕೂಲಿನಿಂದ ಹೊರಬಿದ್ದ ಹುಡುಗನ ಹೆಸರನ್ನೇ ವಾಕೀಗನ್‌ನವರು 1961ರಲ್ಲಿ ಒಂದು ಶಾಲೆಗೆ ಇಟ್ಟರು. ಆ ಶಾಲೆಯ ಆಟದ ತಂಡದ ಹೆಸರು ‘39ರವರು’!

1974ರ ಡಿಸೆಂಬರ್ 26ರಂದು, 80ನೇ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಅವರು ಮಾಡಬೇಕಿದ್ದ ಸಿನಿಮಾ ಪಾತ್ರವನ್ನು ಆಪ್ತಮಿತ್ರ ಜಾರ್ಜ್ ಬರ್ನ್ಸ್ ಮಾಡಿದರು, ಆಸ್ಕರ್ ಪಡೆದರು. ಬೆನ್ನಿಯವರು ಮೊದಲೇ ಏರ್ಪಾಡು ಮಾಡಿಟ್ಟಿದ್ದಂತೆ ಮೇರಿಗೆ ಮಾರನೆಯ ದಿನದಿಂದ ದಿನಕ್ಕೊಂದು ಕೆಂಪು ಗುಲಾಬಿ ಬರತೊಡಗಿತು.

ಇನ್ನು ಎಲ್ಲಿಂದ ಶುರು ಮಾಡಬೇಕು? 1932ರಿಂದ ಮಾತ್ರ ಬೇಡ, ಆಗ ಪಾತ್ರ ಇನ್ನೂ ಹದಕ್ಕೆ ಬಂದಿರಲಿಲ್ಲ. 1946ರಿಂದ 1950ರವರೆಗಿನವು ನನ್ನ ಪ್ರಕಾರ ಉತ್ತಮ. ಆ ವರ್ಷಗಳ ಧ್ವನಿಮುದ್ರಣ ಹೆಚ್ಚಿನಂಶ ಉಳಿದಿದೆ. 1947ರ ಅಕ್ಟೋಬರಿನಿಂದ ಹಿಡಿಯಿರಿ. ವಾರಕ್ಕೊಂದೇ ಕೇಳಿ, ಒಂದೇ ರಾತ್ರಿ ಹತ್ತು ಕೇಳಬೇಡಿ. ಮೊದಲ ಎರಡು ಮೂರು ಕಂತು ನಿಧಾನ ಅನ್ನಿಸುತ್ತದೆ, ಸಹಿಸಿಕೊಳ್ಳಿ. ರೈಲು ನಿಲ್ದಾಣದ ಕಂತು ಬಂದಾಗ ಅನೌನ್ಸರ್ ‘ಅನಹೈಮ್, ಅಜೂಸ, ಮತ್ತು ಕುಕ್…’ ಅಂತ ಊರ ಹೆಸರು ಅರ್ಧಕ್ಕೆ ನಿಲ್ಲಿಸುತ್ತಾನೆ. ‘…ಅಮೊಂಗ’ ಬರುವ ತನಕ ಕಾಯಿರಿ. ಕೆಲವು ಸಲ ನಡುವೆ ಒಂದು ಇಡೀ ಪ್ರಸಂಗವೇ ನಡೆದುಹೋಗುತ್ತದೆ. ಆ ಊರಿನವರು ಬೆನ್ನಿಯವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ.

ಹೀಗೆ ಕೇಳುತ್ತಾ ಬಂದರೆ ಸುಮಾರು ಆರು ತಿಂಗಳಿಗೆ ಮಾರ್ಚ್ 28ರ ಕಂತು ಬರುತ್ತದೆ. ಕಳ್ಳ ಬಂದಾಗ ನಿಮಗೆ ಎಲ್ಲಿ ನಗು ಬಂತು ಅಂತ ನನಗೊಂದು ಸಾಲು ಬರೆಯಿರಿ. ‘ಯೋಚನೆ ಮಾಡ್ತಾ ಇದೀನಿ’ ಅಂದ ಮೇಲೋ, ಅದಕ್ಕೆ ಮೊದಲೋ?